ಬೇಸಿಗೆಯ ಮೊದಲ ಹತ್ತು ದಿನ: ಪುಟ್ಟ ಮಕ್ಕಳ ದಿನಚರಿಯನ್ನು ಹಳಿಗೆ ತರುವ ಕ್ರಮ

ಬೇಸಿಗೆ ಕಾಲಿಟ್ಟ ವಾರದಲ್ಲಿ ಪುಟ್ಟ ಮಕ್ಕಳಿರುವ ಮನೆಗಳದ್ದೆಲ್ಲ ಒಂದೇ ಕಥೆ. ರಾತ್ರಿ ಹತ್ತಾದರೂ ಮಗು ಮಲಗುವುದಿಲ್ಲ. ಬೆಳಿಗ್ಗೆ ತಡವಾಗಿ ಏಳುತ್ತದೆ. ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಹೊರಗೆ ಬಿಡುವಂತಿಲ್ಲ. ಮಧ್ಯಾಹ್ನವೆಲ್ಲ ಮನೆಯೊಳಗೇ ಕುಣಿದು, ಸಂಜೆ ಐದಕ್ಕೆ ಎಲ್ಲೆಂದರಲ್ಲಿ ತೂಕಡಿಸಿ ನಿದ್ದೆಗೆ ಜಾರುತ್ತದೆ. ಏಳಕ್ಕೆ ಎದ್ದು ರಚ್ಚೆ ಹಿಡಿಯುತ್ತದೆ. ಮತ್ತೆ ರಾತ್ರಿ ಹತ್ತು, ಹತ್ತೂವರೆ, ಹನ್ನೊಂದು.

ಇದನ್ನು ಸರಿಪಡಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ರಾತ್ರಿಯಿಂದ ಶುರು ಮಾಡುತ್ತಾರೆ. ನಿದ್ದೆಯೇ ಬಾರದ ಮಗುವನ್ನು ಎಂಟಕ್ಕೆ ಹಾಸಿಗೆಗೆ ಹಾಕಿ, ಒಂದೂವರೆ ಗಂಟೆ ಗುದ್ದಾಡಿ, ಮೂರನೆಯ ದಿನ ಕೈಚೆಲ್ಲುತ್ತಾರೆ. ನನ್ನ ಮೊದಲ ಬೇಸಿಗೆಯೂ ಹೀಗೆಯೇ ಕಳೆಯಿತು. ದಪ್ಪ ಪರದೆ ತಂದು ಕಟ್ಟಿದ್ದೂ ಆಯಿತು, ಮಗು ಆ ಪರದೆಯ ಹಿಂದೆ ಅಡಗಿ ಕೂರುವ ಹೊಸ ಆಟ ಕಲಿತದ್ದೂ ಆಯಿತು. ದಿನಚರಿ ಕೆಟ್ಟಿರುವುದು ಕಣ್ಣಿಗೆ ಬೀಳುವುದು ರಾತ್ರಿ, ಆದರೆ ರಿಪೇರಿ ಬೆಳಗಿನಿಂದ ಆಗಬೇಕು. ಅದಕ್ಕಾಗಿಯೇ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂದರಿಂದ ಐದು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ವರ್ಷ ತುಂಬದ ಕೂಸುಗಳ ಮಾತು ಬೇರೆಯಾಗುವ ಕಡೆ ಅಲ್ಲಲ್ಲೇ ತಿಳಿಸಿದ್ದೇನೆ. ಮೊದಲ ಎರಡು ದಿನ ಗಮನಿಸಲು, ನಂತರದ ಆರು ದಿನ ಸ್ವಲ್ಪಸ್ವಲ್ಪವಾಗಿ ಬದಲಿಸಲು, ಕೊನೆಯ ಎರಡು ದಿನ ಬದಲಾದದ್ದನ್ನು ಗಟ್ಟಿ ಮಾಡಲು. ಹೊಸ ಬಿಸಿಗೆ ದೇಹ ಒಗ್ಗಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಒಂದರಿಂದ ಎರಡು ವಾರ ಬೇಕಾಗುತ್ತದೆ, ಆದ್ದರಿಂದ ಅವಸರ ಮಾಡಿ ಗಳಿಸುವುದೇನೂ ಇಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಹೊಸದಾಗಿ ಕೊಳ್ಳಬೇಕಾದದ್ದು ಕಡಿಮೆ. ಒಂದು ಪುಟ್ಟ ನೋಟ್‌ಬುಕ್, ಅದಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್ (ಕಟ್ಟದಿದ್ದರೆ ಅದು ಎರಡನೆಯ ದಿನವೇ ಮಗುವಿನ ಪಾಲಾಗುತ್ತದೆ). ಮಗುವಿನದೇ ಆದ ಒಂದು ಲೋಟ ಅಥವಾ ಬಾಟಲಿ, ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಅಗಲ ಅಂಚಿನ ಟೋಪಿ, ಸಡಿಲವಾದ ತೆಳು ಹತ್ತಿ ಬಟ್ಟೆ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಕೆಲಸ ಮಾಡುವ ಥರ್ಮಾಮೀಟರ್. ಅವಧಿ ಮುಗಿಯದ ಓಆರ್‌ಎಸ್ ಪೊಟ್ಟಣಗಳು. ಈ ಕೊನೆಯ ಎರಡನ್ನು ಇವತ್ತೇ ತೆಗೆದು ನೋಡಿ. ಬೇಕಾದ ಹೊತ್ತಿನಲ್ಲಿ ಬ್ಯಾಟರಿ ಸತ್ತಿರುವುದು, ಪೊಟ್ಟಣ ಎರಡು ವರ್ಷ ಹಳೆಯದಾಗಿರುವುದು ಎಲ್ಲ ಮನೆಗಳಲ್ಲೂ ನಡೆಯುವಂಥದ್ದೇ.

ಹಂತ 1: ಎರಡು ದಿನ ಏನನ್ನೂ ಬದಲಿಸದೆ ಬರೆದಿಡಿ

ಬರೆಯಬೇಕಾದದ್ದು ನಾಲ್ಕೇ ಸಂಗತಿ: ಎದ್ದ ಹೊತ್ತು, ಹಗಲು ನಿದ್ದೆಯ ಆರಂಭ ಮತ್ತು ಕೊನೆ, ರಾತ್ರಿ ನಿಜವಾಗಿ ನಿದ್ದೆ ಹತ್ತಿದ ಹೊತ್ತು, ಮೂತ್ರ ಮಾಡಿದ ಹೊತ್ತುಗಳು. ಹಾಸಿಗೆಗೆ ಹಾಕಿದ ಹೊತ್ತನ್ನು ಬರೆದು ಸುಮ್ಮನಾಗಬೇಡಿ. ನಮಗೆ ಬೇಕಾದದ್ದು ಕಣ್ಣು ಮುಚ್ಚಿದ ಹೊತ್ತು.

ಎರಡನೆಯ ದಿನ ರಾತ್ರಿ ಕೂಡಿಸಿ ನೋಡಿ. ಹಗಲು, ರಾತ್ರಿ ಸೇರಿ 4ರಿಂದ 12 ತಿಂಗಳ ಕೂಸಿಗೆ 12ರಿಂದ 16 ಗಂಟೆ, 1ರಿಂದ 2 ವರ್ಷದವರಿಗೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಇಲ್ಲಿ ಹಲವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಮೂರು ವರ್ಷದ ಮಗು ರಾತ್ರಿ ಹತ್ತೂವರೆಗೆ ಮಲಗಿ ಬೆಳಿಗ್ಗೆ ಎಂಟಕ್ಕೆ ಎದ್ದು, ಹಗಲು ಎರಡು ಗಂಟೆ ಮಲಗಿದರೆ ಹನ್ನೊಂದೂವರೆ ಗಂಟೆಯಾಯಿತು. ನಿದ್ದೆ ಕಡಿಮೆಯೇನೂ ಆಗಿಲ್ಲ, ಇಡೀ ನಿದ್ದೆ ಮುಂದಕ್ಕೆ ಜರುಗಿದೆ, ಅಷ್ಟೇ. ಸಾಕಷ್ಟು ನಿದ್ದೆಯಾಗಿರುವ ಮಗುವನ್ನು ಇನ್ನೂ ಬೇಗ ಮಲಗಿಸಲು ಹೋದರೆ ಅದು ಎಲ್ಲಿಂದ ನಿದ್ದೆ ತಂದೀತು?

ಮೊತ್ತ ನಿಜವಾಗಿಯೂ ಕಡಿಮೆ ಬಂದಿದ್ದರೆ ಬೆಳಗಿನ ಹೊತ್ತನ್ನು ಹಿಂದಕ್ಕೆ ಎಳೆಯುವ ಮುಂದಿನ ಹಂತವನ್ನು ಇನ್ನೂ ನಿಧಾನವಾಗಿ, ಎರಡು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮಾಡಿ.

ಹಂತ 2: ಏಳುವ ಹೊತ್ತನ್ನು ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ತನ್ನಿ

ಎಂಟಕ್ಕೆ ಏಳುವ ಮಗುವನ್ನು ಆರೂವರೆಗೆ ತರಬೇಕೆಂದಿಟ್ಟುಕೊಳ್ಳಿ. ತೊಂಬತ್ತು ನಿಮಿಷ, ದಿನಕ್ಕೆ ಹದಿನೈದರಂತೆ ಆರು ದಿನ. ಮೊದಲ ದಿನ ಏಳೂ ಮುಕ್ಕಾಲಿಗೆ ಪರದೆ ಸರಿಸಿ, ಬೆಳಕು ಒಳಗೆ ಬಿಡಿ, ಮಾಮೂಲಿ ದನಿಯಲ್ಲಿ ಮಾತನಾಡುತ್ತ ಕೋಣೆಯಲ್ಲಿ ಓಡಾಡಿ. ಅಲುಗಾಡಿಸಿ ಎಬ್ಬಿಸಿದ ಮಗು ಆ ಬೆಳಗನ್ನು ಸುಲಭಕ್ಕೆ ಕ್ಷಮಿಸುವುದಿಲ್ಲ. ಟಿವಿ, ಮೊಬೈಲ್ ತೋರಿಸಿ ಎಬ್ಬಿಸಿದರೆ ಬೇಗ ಏಳುತ್ತದೆ ನಿಜ, ಮರುದಿನದಿಂದ ಅದಿಲ್ಲದೆ ಏಳುವುದಿಲ್ಲ.

ಮೊದಲ ಎರಡು ಮೂರು ದಿನ ರಾತ್ರಿಯ ನಿದ್ದೆ ಬೇಗ ಬರುವುದಿಲ್ಲ. ಮಗುವಿಗೆ ಒಟ್ಟಾರೆ ಸ್ವಲ್ಪ ನಿದ್ದೆ ಕಡಿಮೆಯಾಗುತ್ತದೆ, ಸಿಡುಕುತ್ತದೆ. ಇದು ಪ್ರಯತ್ನ ಸೋತ ಲಕ್ಷಣವಲ್ಲ. ರಾತ್ರಿಯ ನಿದ್ದೆಯನ್ನು ಹಿಂದಕ್ಕೆ ಎಳೆಯುವುದೇ ಈ ಸಣ್ಣ ಕೊರತೆ. ಅಯ್ಯೋ ಪಾಪ ಎಂದು ಹಗಲು ನಿದ್ದೆಯನ್ನು ಉದ್ದ ಮಾಡಿದರೆ ಗಳಿಸಿದ್ದು ಅಲ್ಲೇ ಹೋಯಿತು. ರಜೆಯ ದಿನ ಇನ್ನೊಂದು ಗಂಟೆ ಮಲಗಲಿ ಎಂದು ಬಿಡುವುದೂ ಇದೇ ಬಗೆಯ ತಪ್ಪು.

ಬೆಳಿಗ್ಗೆ ಹತ್ತಕ್ಕೇ ಮಗು ಮಂಪರಿನಲ್ಲಿ ತೂಗಾಡುತ್ತಿದ್ದರೆ, ಆಟದ ಸಾಮಾನು ಕೈಯಲ್ಲಿದ್ದಂತೆಯೇ ಕಣ್ಣು ಮುಚ್ಚುತ್ತಿದ್ದರೆ, ಅವಸರವಾಗಿದೆ ಎಂದು ತಿಳಿಯಿರಿ. ಅದೇ ಹೊತ್ತಿನಲ್ಲಿ ಇನ್ನೊಂದು ದಿನ ನಿಂತು ಮುಂದುವರಿಯಿರಿ.

ಕೆಲವು ಮನೆಗಳಲ್ಲಿ ಸಮಸ್ಯೆ ತಿರುವುಮುರುವು. ಬೇಗ ಬೆಳಕು ಹರಿಯುವ ಕಾರಣ ಮಗು ಐದಕ್ಕೇ ಎದ್ದು ಕೂರುತ್ತದೆ. ಪರದೆಗೆ ಬೆಲೆ ಬರುವುದು ಇಲ್ಲಿ. ಪೂರ್ವದ ಕಿಟಕಿಯನ್ನು ರಾತ್ರಿಯೇ ಮುಚ್ಚಿ. ಎದ್ದರೂ ಆರರವರೆಗೆ ದೀಪ ಹಾಕಬೇಡಿ, ಆಟ ಶುರು ಮಾಡಬೇಡಿ. ಐದಕ್ಕೆ ಎದ್ದರೆ ತಿಂಡಿ ಸಿಗುತ್ತದೆ ಎಂಬುದನ್ನು ಮಗುವಿನ ಹೊಟ್ಟೆ ಬಹಳ ಬೇಗ ಕಲಿತುಬಿಡುತ್ತದೆ.

ಹಂತ 3: ಹೊರಗಿನ ಆಟ ಮೊದಲು, ಸ್ನಾನ ಆಮೇಲೆ

ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು, ಬಟ್ಟೆ ಹಾಕಿಕೊಂಡು ಹೊರಡುವಷ್ಟರಲ್ಲಿ ಒಂಬತ್ತೂವರೆ ಆಗುತ್ತದೆ. ಬೇಸಿಗೆಯಲ್ಲಿ ಈ ಸಾಲನ್ನು ಮುರಿಯಲೇಬೇಕು. ನೀರು, ಕೈಯಲ್ಲೊಂದು ಹಣ್ಣಿನ ಹೋಳು, ಟೋಪಿ, ಹೊರಗೆ. ಎದ್ದ ಒಂದು ಗಂಟೆಯೊಳಗೆ ಸಿಕ್ಕ ಬೆಳಗಿನ ಬೆಳಕು ರಾತ್ರಿಯ ನಿದ್ದೆಯನ್ನೂ ಬೇಗ ಕರೆತರುತ್ತದೆ. ಸ್ನಾನ ಮತ್ತು ಹೊಟ್ಟೆತುಂಬ ತಿಂಡಿ ಮರಳಿ ಬಂದ ಮೇಲೆ. ಹೇಗೂ ಮಣ್ಣಿನಲ್ಲಿ ಹೊರಳಾಡಿಯೇ ಬರುತ್ತದೆ, ಮೊದಲೇ ಸ್ನಾನ ಮಾಡಿಸಿ ಏನು ಲಾಭ?

ಮೊದಲ ಮೂರು ದಿನ ಅರ್ಧ ಗಂಟೆ ಸಾಕು. ಆಮೇಲೆ ಮುಕ್ಕಾಲು, ಒಂದು ಗಂಟೆ. ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಬಿಸಿಯೇರುತ್ತದೆ, ಅವರು ಬೆವರುವುದೂ ಕಡಿಮೆ. ನಿಮಗೆ ಹಿತವೆನಿಸುವ ಬಿಸಿಲು ಮಗುವಿಗೂ ಹಿತವೆಂದು ಎಣಿಸಬೇಡಿ. ಮನೆಗೆ ಯಾವಾಗ ಮರಳಬೇಕು ಎಂಬುದಕ್ಕೆ ಗಡಿಯಾರಕ್ಕಿಂತ ನೆರಳು ಒಳ್ಳೆಯ ಗುರುತು. ನೆರಳು ಮಗುವಿನ ಎತ್ತರಕ್ಕಿಂತ ಗಿಡ್ಡವಾಯಿತೆಂದರೆ ಬಿಸಿಲಿನ ಅತಿನೇರಳೆ ಕಿರಣಗಳು ಚುರುಕಾಗಿವೆ ಎಂದರ್ಥ, ಒಳಗೆ ಬನ್ನಿ. ಈ ಅಳತೆಯನ್ನು ಮಗುವಿಗೇ ಒಪ್ಪಿಸಿ. ‘ಬಾ’ ಎಂದು ನಾವು ಕರೆದರೆ ಹಠ ಮಾಡುವ ಮಗು, ನೆರಳು ಗಿಡ್ಡವಾಯಿತೆಂದು ತಾನೇ ಕಂಡುಕೊಂಡರೆ ಓಡಿ ಬಂದು ಹೇಳುತ್ತದೆ.

ಸನ್‌ಸ್ಕ್ರೀನ್ ಹಚ್ಚುವುದಾದರೆ ಹೊರಡುವ 15ರಿಂದ 30 ನಿಮಿಷ ಮೊದಲು ಹಚ್ಚಿ, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿಯ ಅಂಚು, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಸಾಮಾನ್ಯವಾಗಿ ಮರೆತುಹೋಗುವ ಜಾಗಗಳು. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್‌ಗಿಂತ ನೆರಳು ಮತ್ತು ಬಟ್ಟೆಯೇ ರಕ್ಷಣೆ, ನೇರ ಬಿಸಿಲಿಗೆ ಒಯ್ಯಬೇಡಿ.

ಜಾರುಬಂಡೆ, ಉಯ್ಯಾಲೆಯ ಹಲಗೆಯನ್ನು ನಿಮ್ಮ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಐದು ಸೆಕೆಂಡು ಇಡಲಾಗದಿದ್ದರೆ ಮಗುವನ್ನು ಕೂರಿಸಬೇಡಿ. ಲೋಹ ಮಾತ್ರವಲ್ಲ, ಬಿಸಿಲಿಗೆ ಕಾದ ಪ್ಲಾಸ್ಟಿಕ್ ಮತ್ತು ರಬ್ಬರ್ ಹಾಸು ಕೂಡ ಚರ್ಮ ಸುಡುತ್ತವೆ. ಕೂಸಿನ ತಳ್ಳುಗಾಡಿಯ ಮೇಲೆ ಬಿಸಿಲು ಬೀಳದಿರಲೆಂದು ಬಟ್ಟೆ ಹೊದಿಸುವವರನ್ನು ದಿನವೂ ಕಾಣುತ್ತೇನೆ. ಒಳಗೆ ಗಾಳಿಯಾಡದೆ ಅದು ಕುಲುಮೆಯಾಗುತ್ತದೆ. ಗಾಡಿಯ ಕೊಡೆಯನ್ನೋ ಮರದ ನೆರಳನ್ನೋ ಬಳಸಿ.

ಕಾರಿನ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ಎರಡು ಬೆರಳು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಒಂದು ನಿಮಿಷಕ್ಕೂ ಮಗುವನ್ನು ಒಳಗೆ ಬಿಡಬೇಡಿ. ಮರೆತುಹೋಗುವುದು ಕೆಟ್ಟ ತಂದೆತಾಯಿಗೆ ಮಾತ್ರ ಆಗುವಂಥದ್ದಲ್ಲ, ದಿನಚರಿ ಬದಲಾದ ದಿನಗಳಲ್ಲಿ ನಿದ್ದೆಗೆಟ್ಟ ಯಾರಿಗೂ ಆಗಬಹುದು. ಕೈಚೀಲ ಅಥವಾ ಮೊಬೈಲನ್ನು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಇಡುವ ಅಭ್ಯಾಸ ಮಾಡಿಕೊಳ್ಳಿ. ಕಾರು ಖಾಲಿ ನಿಂತಿರುವಾಗಲೂ ಬಾಗಿಲು ಲಾಕ್ ಆಗಿರಲಿ.

ಹಂತ 4: ನೀರು ಬೇಕೇ ಎಂದು ಕೇಳಬೇಡಿ

ಆಟದ ನಡುವೆ ‘ನೀರು ಬೇಕೇ?’ ಎಂದು ಕೇಳಿದರೆ ಬರುವ ಉತ್ತರ ‘ಬೇಡ’. ಬಾಯಾರಿಕೆ ಗೊತ್ತಾಗುವಷ್ಟು ಪುರುಸೊತ್ತು ಮಗುವಿಗೆ ಇರುವುದಿಲ್ಲ. ಪ್ರಶ್ನೆಯ ಬದಲು ಜಾಗಗಳನ್ನು ಗೊತ್ತುಮಾಡಿ: ಎದ್ದ ಕೂಡಲೇ, ಬಾಗಿಲು ದಾಟುವ ಮುನ್ನ, ಆಟದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು, ಮರಳಿದಾಗ, ಪ್ರತಿ ಊಟದೊಂದಿಗೆ, ಹಗಲು ನಿದ್ದೆಯಿಂದ ಎದ್ದಾಗ. ಲೋಟವನ್ನು ಕೈಗಿತ್ತು ನೀವೂ ಒಂದು ಲೋಟ ಎತ್ತಿಕೊಳ್ಳಿ. ದೊಡ್ಡವರು ಕುಡಿಯುವುದನ್ನು ಕಂಡರೆ ಮಕ್ಕಳೂ ಕುಡಿಯುತ್ತಾರೆ.

ನೀರು, ಹಾಲು, ಆಹಾರದೊಳಗಿನ ನೀರಿನಂಶ ಎಲ್ಲ ಸೇರಿ 1ರಿಂದ 3 ವರ್ಷದವರಿಗೆ ದಿನಕ್ಕೆ ಸುಮಾರು 1.3 ಲೀಟರ್, 4ರಿಂದ 8 ವರ್ಷದವರಿಗೆ ಸುಮಾರು 1.7 ಲೀಟರ್ ಎಂಬುದು ಸಾಮಾನ್ಯ ಲೆಕ್ಕ. ಸೆಖೆಯಲ್ಲಿ, ಓಡಾಟದಲ್ಲಿ ಇದಕ್ಕಿಂತ ಹೆಚ್ಚು. ಆದರೆ ಅಳತೆಪಾತ್ರೆ ಹಿಡಿದು ಬೆನ್ನಟ್ಟಬೇಕಾಗಿಲ್ಲ. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದೆ. ಗಾಢ ಬಣ್ಣ, ಕಟು ವಾಸನೆ ಬಂದರೆ ಸಾಲುತ್ತಿಲ್ಲ. ಮೊದಲ ಹಂತದಲ್ಲಿ ಮೂತ್ರದ ಹೊತ್ತು ಬರೆಯಲು ಹೇಳಿದ್ದು ಇದಕ್ಕಾಗಿಯೇ.

ಆರು ತಿಂಗಳೊಳಗಿನ ಕೂಸಿಗೆ ಪ್ರತ್ಯೇಕವಾಗಿ ನೀರು ಕೊಡಬೇಡಿ. ಎದೆಹಾಲನ್ನೋ ಕುಡಿಸುತ್ತಿರುವ ಫಾರ್ಮುಲಾ ಹಾಲನ್ನೋ ಹೆಚ್ಚು ಸಲ ಕೊಡಿ. ಇನ್ನು ಓಆರ್‌ಎಸ್ ದಿನನಿತ್ಯದ ಪಾನೀಯವಲ್ಲ, ವಾಂತಿ ಭೇದಿಯಾದಾಗ ಕೊಡುವಂಥದ್ದು. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟಕ್ಕೆ ಇಡೀ ಪೊಟ್ಟಣ ಬೆರೆಸಬೇಕು. ಅಂದಾಜಿನಲ್ಲಿ ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕುವುದು ಅಪಾಯ, ಉಪ್ಪಿನಂಶ ಹೆಚ್ಚಾಗುತ್ತದೆ. ಬೆರೆಸಿದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ.

ಹಂತ 5: ಹಗಲು ನಿದ್ದೆಯ ಕೊನೆಯನ್ನು ಹಿಡಿದುಕೊಳ್ಳಿ

ಎಲ್ಲ ಹಂತಗಳಲ್ಲಿ ಕಷ್ಟದ್ದು ಇದು. ಹಗಲು ಯಾವಾಗ ಮಲಗಿಸಬೇಕು ಎಂದು ಎಲ್ಲರೂ ಚಿಂತಿಸುತ್ತಾರೆ. ರಾತ್ರಿಯನ್ನು ನಿರ್ಧರಿಸುವುದು ಮಗು ಹಗಲು ಯಾವಾಗ ಏಳುತ್ತದೆ ಎಂಬುದು. ದಿನಕ್ಕೊಮ್ಮೆ ಮಾತ್ರ ಮಲಗುವ ಮಗು ಮಧ್ಯಾಹ್ನ ಮೂರು, ಹೆಚ್ಚೆಂದರೆ ಮೂರೂವರೆಗೆ ಎದ್ದಿರಬೇಕು. ಅಲ್ಲಿಂದ ರಾತ್ರಿಯ ನಿದ್ದೆಗೆ ಸುಮಾರು ಐದು ಗಂಟೆಯ ಅಂತರ ಉಳಿಯುತ್ತದೆ. ಬೆಳಿಗ್ಗೆ ಏಳುವ ಹೊತ್ತು ಹಿಂದಕ್ಕೆ ಬಂದಂತೆ ಹಗಲು ನಿದ್ದೆಯ ಆರಂಭವೂ ಹನ್ನೆರಡೂವರೆ, ಒಂದರ ಸುಮಾರಿಗೆ ತಾನಾಗಿಯೇ ಬಂದು ನಿಲ್ಲುತ್ತದೆ. ಅದಕ್ಕೆ ಬೇರೆ ಪ್ರಯತ್ನ ಬೇಡ.

ಕೋಣೆಯನ್ನು ಮಧ್ಯಾಹ್ನ ತಂಪು ಮಾಡಲು ಹೋಗಬೇಡಿ, ಬೆಳಿಗ್ಗೆಯೇ ಬಿಸಿಯಾಗದಂತೆ ನೋಡಿಕೊಳ್ಳಿ. ಹೊರಗೆ ಒಳಗಿಗಿಂತ ತಂಪಾಗಿರುವವರೆಗೆ ಕಿಟಕಿ ತೆರೆದಿರಲಿ. ಬಿಸಿಲು ಬೀಳುವ ಕಡೆಯ ಪರದೆಯನ್ನು ಬಿಸಿಲು ಬೀಳುವ ಮುನ್ನವೇ ಎಳೆಯಿರಿ. ಸೆಖೆಯಾಯಿತೆಂದು ಮಧ್ಯಾಹ್ನ ಎರಡಕ್ಕೆ ಕಿಟಕಿ ತೆರೆದರೆ ಬಿಸಿಗಾಳಿಯನ್ನು ಒಳಗೆ ಕರೆದಂತೆ. ಮಗುವಿಗೆ ಒಂದೇ ಪದರದ ತೆಳು ಬಟ್ಟೆ ಸಾಕು. ಸೆಖೆಯಾಗಿದೆಯೇ ಎಂದು ನೋಡಲು ಅಂಗೈ ಅಂಗಾಲು ಮುಟ್ಟಬೇಡಿ, ಅವು ತಣ್ಣಗಿದ್ದೂ ಮೈ ಕಾದಿರಬಹುದು. ಕತ್ತಿನ ಹಿಂಭಾಗ ಮುಟ್ಟಿ. ಬಿಸಿಯಾಗಿ ಒದ್ದೆಯಾಗಿದ್ದರೆ ಬಟ್ಟೆ ಕಡಿಮೆ ಮಾಡಿ. ಕೂಸನ್ನು ಬೆನ್ನಿನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲೇ ಮಲಗಿಸಿ. ಸೆಖೆಯೆಂದು ಸೋಫಾದಲ್ಲೋ ಮೆತ್ತನೆಯ ದಿಂಬುಗಳ ನಡುವೆಯೋ ಹಾಕಬೇಡಿ.

ನಾಲ್ಕೈದು ವರ್ಷದವರು ಹಗಲು ಮಲಗುವುದಿಲ್ಲ ಎಂದರೆ ಒತ್ತಾಯ ಬೇಡ. ಅದೇ ಕೋಣೆ, ಅದೇ ಮಬ್ಬು ಬೆಳಕು, ಪುಸ್ತಕವೋ ಬಣ್ಣದ ಕಡ್ಡಿಗಳೋ, ಮುಕ್ಕಾಲು ಗಂಟೆ ಸದ್ದಿಲ್ಲದ ಹೊತ್ತು. ಟಿವಿ, ಮೊಬೈಲ್ ಮುಂದೆ ಕೂರಿಸಿದರೆ ಅದು ವಿಶ್ರಾಂತಿಯಾಗುವುದಿಲ್ಲ. ಆದರೂ ಒಂದೊಂದು ದಿನ ನಮಗೇ ಆ ಮುಕ್ಕಾಲು ಗಂಟೆ ಬೇಕಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಸಂಜೆ ಐದರ ಆ ಕಳ್ಳನಿದ್ದೆ. ನಾಲ್ಕೂವರೆಯಿಂದಲೇ ಮಗುವನ್ನು ಕಾರಿನಲ್ಲಿ, ತಳ್ಳುಗಾಡಿಯಲ್ಲಿ, ಮಡಿಲಲ್ಲಿ ಸುಮ್ಮನೆ ಕೂರಿಸಬೇಡಿ. ಕಣ್ಣೆದುರೇ ಜಾರಿಬಿಟ್ಟರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಎಬ್ಬಿಸಿ, ಕೈಕಾಲು ತೊಳೆದು ಹೊರಗಿನ ಬೆಳಕಿಗೆ ಕರೆದೊಯ್ಯಿರಿ. ಏಳರವರೆಗೆ ಮಲಗಿಬಿಟ್ಟಿತೆಂದುಕೊಳ್ಳಿ, ಆ ರಾತ್ರಿಯ ಆಸೆ ಬಿಡಿ. ಹತ್ತರವರೆಗೆ ಎಚ್ಚರವಿದ್ದರೂ ಜಗಳ ಬೇಡ. ಮರುದಿನ ಏಳುವ ಹೊತ್ತನ್ನು ಮಾತ್ರ ಸಡಿಲಿಸಬೇಡಿ.

ಹಂತ 6: ಸಂಜೆಯ ಊಟ ಮತ್ತು ನೀರಾಟ

ಸಂಜೆಯ ರಚ್ಚೆಯಲ್ಲಿ ಅರ್ಧಪಾಲು ಹಸಿವು. ಸೆಖೆಗೆ ಮಧ್ಯಾಹ್ನ ಸರಿಯಾಗಿ ತಿಂದಿರುವುದಿಲ್ಲ. ರಾತ್ರಿಯೂಟವನ್ನು ಮನೆಯವರೆಲ್ಲ ಕೂರುವವರೆಗೆ ಕಾಯಿಸದೆ ಮಗುವಿಗೆ ಮೊದಲೇ ಬಡಿಸಿ.

ಬಿಸಿಲು ಇಳಿದ ಮೇಲೆ ಟಬ್ಬಿನಲ್ಲಿ ನೀರಾಟ ಆಡಿಸಿದರೆ ಮೈ ತಂಪಾಗುತ್ತದೆ, ಆಟವೂ ಆಗುತ್ತದೆ. ಆದರೆ ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಲ್ಲದು, ಸದ್ದೇ ಇಲ್ಲದೆ. ಕೂಗುತ್ತದೆ, ಕೈಕಾಲು ಬಡಿಯುತ್ತದೆ, ಗೊತ್ತಾಗುತ್ತದೆ ಎಂದು ನಂಬಬೇಡಿ. ಕೈಚಾಚಿದರೆ ಸಿಗುವಷ್ಟು ಹತ್ತಿರ ದೊಡ್ಡವರೊಬ್ಬರು ಕೂತಿರಬೇಕು, ದೊಡ್ಡ ಅಕ್ಕನೋ ಅಣ್ಣನೋ ಸಾಲದು. ಯಾರೋ ಬಾಗಿಲು ಬಡಿದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಆಟ ಮುಗಿದೊಡನೆ ನೀರು ಚೆಲ್ಲಿ ಟಬ್ ಬೋರಲು ಹಾಕಿ, ಬಚ್ಚಲಿನ ಬಕೆಟ್ಟುಗಳನ್ನೂ ಹಾಗೆಯೇ. ಒಣ ಟವೆಲ್ ತರಲು ಹೋದ ಅರ್ಧ ನಿಮಿಷದಲ್ಲೇ ಅನಾಹುತವಾಗಬಹುದು, ಟವೆಲ್ ಮೊದಲೇ ಪಕ್ಕದಲ್ಲಿರಲಿ.

ಹಂತ 7: ರಾತ್ರಿ, ಅದೂ ನಾಲ್ಕನೆಯ ದಿನದ ನಂತರ

ಬದಲಾವಣೆ ಶುರುವಾಗಿ ಮೂರು ಬೆಳಗುಗಳಾದರೂ ಕಳೆದ ಮೇಲೆ ಮಲಗುವ ಹೊತ್ತಿಗೆ ಕೈ ಹಾಕಿ. ಅಷ್ಟರಲ್ಲಿ ಮಗು ತಾನಾಗಿಯೇ ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು ಮೊದಲಿಗಿಂತ ಬೇಗ ಶುರುವಾಗಿರುತ್ತದೆ. ಇದ್ದಕ್ಕಿದ್ದಂತೆ ಹುಚ್ಚೆದ್ದು ಓಡಾಡುವುದೂ ದಣಿವಿನ ಗುರುತೇ, ಚೈತನ್ಯವೆಂದು ತಪ್ಪು ತಿಳಿಯಬೇಡಿ.

ಮಲಗುವ ಒಂದು ಗಂಟೆ ಮೊದಲು ಪರದೆ ಎಳೆದು ದೀಪ ಮಬ್ಬಾಗಿಸಿ. ಸಂಜೆಯ ಬೆಳಕು ನಿದ್ದೆಯ ಹಾರ್ಮೋನನ್ನು ತಡೆಯುತ್ತದೆ, ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು. ಸ್ನಾನ ಮಾಡಿಸುವುದಾದರೆ ಉಗುರುಬೆಚ್ಚನೆಯ ನೀರು. ತಣ್ಣೀರು ಆ ಕ್ಷಣಕ್ಕೆ ಹಿತವೆನಿಸಿದರೂ ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಒಳಗಿನ ಶಾಖ ಹೊರಹೋಗದಂತೆ ಮಾಡುತ್ತದೆ, ಮಗುವನ್ನು ಎಚ್ಚರಗೊಳಿಸುತ್ತದೆ ಕೂಡ. ಕತ್ತು, ಕಂಕುಳು, ತೊಡೆಸಂದಿನ ಮಡಿಕೆಗಳನ್ನು ಒತ್ತಿ ಒರೆಸಿ. ಬೆವರುಸಾಲೆ ಎದ್ದಿದ್ದರೆ ಪೌಡರ್ ಬೇಡ. ಅದರ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ, ಬೆವರಿನೊಂದಿಗೆ ಸೇರಿ ರಂಧ್ರಗಳನ್ನೂ ಮುಚ್ಚುತ್ತದೆ. ಗಾಳಿ, ಸಡಿಲ ಬಟ್ಟೆ, ಒಣಗಿದ ಚರ್ಮ, ಇಷ್ಟೇ ಮದ್ದು.

ಬಟ್ಟೆ, ಹಲ್ಲು, ಕೊನೆಯ ಗುಟುಕು ನೀರು, ಮೂತ್ರ, ಕಥೆ, ದೀಪ. ಈ ಸರಣಿ ದಿನವೂ ಒಂದೇ ಇರಲಿ, ಅರ್ಧ ಗಂಟೆ ಮೀರದಿರಲಿ. ನೀರು ಮತ್ತು ಮೂತ್ರವನ್ನು ಕಥೆಗೆ ಮುಂಚೆಯೇ ಮುಗಿಸಿದರೆ ದೀಪ ಆರಿದ ಮೇಲಿನ ನೆಪಗಳಲ್ಲಿ ಎರಡು ಕಡಿಮೆಯಾಗುತ್ತವೆ. ದೀಪ ಆರಿಸಿ ಅರ್ಧ ಗಂಟೆಯಾದರೂ ನಿದ್ದೆ ಹತ್ತದಿದ್ದರೆ ನೀವು ಮಗುವಿನ ದೇಹಕ್ಕಿಂತ ಮುಂದೆ ಓಡಿದ್ದೀರಿ. ಮರುದಿನ ಕಾಲು ಗಂಟೆ ತಡವಾಗಿ ಮಲಗಿಸಿ, ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ.

ದಿನಚರಿಯನ್ನು ಬದಿಗಿಟ್ಟು ವೈದ್ಯರ ಬಳಿ ಓಡಬೇಕಾದ ಲಕ್ಷಣಗಳು

ರಚ್ಚೆ ಹಿಡಿಯುವ ಮಗುವಿಗಿಂತ, ರಚ್ಚೆ ನಿಲ್ಲಿಸಿ ಸುಮ್ಮನೆ ಮಲಗಿಬಿಡುವ ಮಗುವಿನ ಬಗ್ಗೆ ಹೆಚ್ಚು ಎಚ್ಚರವಿರಲಿ. ಆರು ಗಂಟೆಗೂ ಹೆಚ್ಚು ಕಾಲ ಮೂತ್ರವಿಲ್ಲದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಒಣಗಿದ ನಾಲಿಗೆ, ಒಳಹೋದ ಕಣ್ಣು, ಕೂಸಿನಲ್ಲಿ ಕುಸಿದ ನೆತ್ತಿ ನಿರ್ಜಲೀಕರಣದ ಗುರುತುಗಳು. ಅಂದೇ ತೋರಿಸಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ತಡಮಾಡದೆ ಹೊರಡಿ, ಸೆಖೆಯಿಂದ ಇರಬಹುದು ಎಂದು ಕಾಯಬೇಡಿ.

ಬಿಸಿಲಲ್ಲಿ ಆಡಿದ ಮಗು ಬಿಳಚಿಕೊಂಡು, ವಿಪರೀತ ಬೆವರಿ, ತಲೆನೋವು, ವಾಕರಿಕೆ ಎಂದರೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಚೇತರಿಸಿಕೊಳ್ಳದಿದ್ದರೆ, ಅಥವಾ ಮೈ 40 ಡಿಗ್ರಿ ದಾಟಿದ್ದರೆ, ಮಾತು ತೊದಲುತ್ತಿದ್ದರೆ, ನಿಮ್ಮನ್ನು ಗುರುತಿಸದಿದ್ದರೆ, ಸೆಳವು ಬಂದರೆ ಅದು ಬಿಸಿಲಾಘಾತ. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸುತ್ತಲೇ ಇರಿ. ಎಚ್ಚರ ತಪ್ಪುತ್ತಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಜ್ವರದ ಔಷಧಿ ಈ ಬಿಸಿಯನ್ನು ಇಳಿಸುವುದಿಲ್ಲ.

ಒಂದು ದಿನ ತಪ್ಪಿದರೆ

ಪ್ರಯಾಣ, ನೆಂಟರು, ಹಲ್ಲು ಬರುವ ನೋವು, ಯಾವುದಾದರೊಂದು ಬಂದೇ ಬರುತ್ತದೆ. ಹಂತ ಒಂದಕ್ಕೆ ಮರಳಬೇಕಾಗಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಹಿಂದಿನ ಹೊತ್ತಿಗೇ ಎಬ್ಬಿಸಿ ಮುಂದುವರಿಯಿರಿ. ಮೂರ್ನಾಲ್ಕು ದಿನ ತಪ್ಪಿದ್ದರೆ ಅರ್ಧ ಗಂಟೆ ಬಿಟ್ಟುಕೊಟ್ಟು ಹಂತ ಎರಡರಿಂದ ಹಿಡಿಯಿರಿ. ಮಗುವಿಗೆ ಜ್ವರವೋ ಭೇದಿಯೋ ಇದ್ದರೆ ವಾಸಿಯಾಗುವವರೆಗೆ ಬೇಕೆನಿಸಿದಾಗಲೆಲ್ಲ ಮಲಗಲಿ, ನೋಟ್‌ಬುಕ್‌ನಲ್ಲಿ ಮೂತ್ರದ ಹೊತ್ತನ್ನು ಮಾತ್ರ ಬರೆಯುತ್ತಿರಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.